ಮಾರಪ್ಪನ ಸೆಂಟು

ಹಿರಿಯೂರು ಕಡೆಯ ಹೆದ್ದಾರಿ ಪಕ್ಕದ ಒಂದು ಸರ್ಕಾರಿ ಆಸ್ಪತ್ರೆಗೆ ಅನುಸೂಯ ನರ್ಸಾಗಿ ಬಂದದ್ದು ತೊಂಬತ್ತೆಂಟರ ಏಪ್ರಿಲ್‌ನಲ್ಲಿ. ಬೆಳಗಿನ ಒಂಬತ್ತಕ್ಕೇ ಬಿಸಿಲು ನೆತ್ತಿ ಸುಡುತ್ತಿತ್ತು. ಫಿನಾಯಿಲು, ಟಿಂಚರು, ಬೆವರು ಎಲ್ಲ ಕಲಸಿಕೊಂಡ ಕಾರಿಡಾರಿನಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ಒಂದು ತಂಪು ವಾಸನೆ ಬಡಿಯಿತು. ಮಲ್ಲಿಗೆಯದಲ್ಲ, ಪೌಡರಿನದೂ ಅಲ್ಲ. ಸೋಪು ಹಾಕಿ ಒಗೆದು ಬಿಸಿಲಲ್ಲಿ ಒಣಗಿಸಿದ ಹತ್ತಿ ಬಟ್ಟೆಯನ್ನು ಮಡಿಸುವಾಗ ಬರುತ್ತದಲ್ಲ, ಅಂಥದ್ದು. ಜೊತೆಗೆ ನಿಂಬೆಸಿಪ್ಪೆ ಚಿವುಟಿದ ಹಾಗೊಂದು ಚುರುಕು, ಅದರ ಹಿಂದೆ ಕಸ್ತೂರಿಯ ಸಣ್ಣ ಘಮ. ಡಾಕ್ಟರು ಬಂದರೇನೋ ಎಂದು ಸೆರಗು ಸರಿಮಾಡಿಕೊಂಡು ತಿರುಗಿದರೆ, ಎದುರಿಗೆ ಖಾಕಿ ಅಂಗಿ ತೊಟ್ಟ, ಐವತ್ತರ ಆಸುಪಾಸಿನ ಮನುಷ್ಯ.

"ನಮಸ್ಕಾರ ಸಿಸ್ಟರ್. ನಾನು ಮಾರಪ್ಪ. ಹಿಂದ್ಗಡೆ ಬೇವಿನ ಮರದ ಹತ್ರ ಶವಾಗಾರ ಐತಲ್ಲ, ಅದರ ಕೆಲಸ ನಂದು," ಎಂದ.

ಅವನು ಆಚೆ ಹೋದ ಮೇಲೆ ಆಯಾ ಚಂದ್ರಕ್ಕ ಕಿಸಕ್ಕನೆ ನಕ್ಕಳು. "ಶೋಕಿ ಮಾರಪ್ಪ ಅಂತೀವಿ ಸಿಸ್ಟರ್. ದಿನಾ ಹಚ್ಕಂತಾನೆ. ಹೆಣ ತೊಳ್ಯೋನಿಗೆ ಸೆಂಟು ಯಾಕೆ ಬೇಕು ಹೇಳ್ರಿ!"

ಅನುಸೂಯಳಿಗೆ ನಗು ಬರಲಿಲ್ಲ. ಅವಳ ಚಿಕ್ಕಪ್ಪ ಕುಡಿದು ಬಂದಾಗಲೆಲ್ಲ ಬಾಯಿಗೆ ಏಲಕ್ಕಿ ಹಾಕಿಕೊಳ್ಳುತ್ತಿದ್ದ. ಈ ಕೆಲಸದವರು ಕುಡಿಯದೆ ಒಳಗೆ ಕಾಲಿಡುವುದಿಲ್ಲ ಎಂದೂ ಅವಳು ಕೇಳಿದ್ದಳು. ವಾರವಿಡೀ ಅವನನ್ನು ಗಮನಿಸಿದಳು. ಒಂದು ಮಧ್ಯಾಹ್ನ ತಡೆಯಲಾಗದೆ ಎಲ್ಲರೆದುರು ಕೇಳಿಯೇಬಿಟ್ಟಳು: "ಮಾರಪ್ಪ, ಕುಡಿದ ವಾಸನೆ ಮುಚ್ಚೋಕಾ ಇದೆಲ್ಲ?"

ಮಾರಪ್ಪ ಸಿಟ್ಟಾಗಲಿಲ್ಲ. "ಮುಂಚೆ ಕುಡೀತಿದ್ದೆ ಸಿಸ್ಟರ್. ಬಿಟ್ಟು ಒಂಬತ್ತು ವರ್ಷ ಆತು," ಎಂದಷ್ಟೇ ಹೇಳಿ ಬಕೆಟ್ಟು ಎತ್ತಿಕೊಂಡು ಹೋದ. ಚಂದ್ರಕ್ಕ ನಗುವುದು ನಿಲ್ಲಿಸಿದ್ದಳು.

ಅದಾದ ನಾಲ್ಕನೆಯ ದಿನ ಐಮಂಗಲದ ಹತ್ತಿರ ಲಾರಿಯೊಂದು ಮಗುಚಿ, ಅದರ ಡ್ರೈವರಿನ ಹೆಣ ತಂದರು. ಹೊಳಲ್ಕೆರೆ ಕಡೆಯ ಹುಡುಗ, ಇಪ್ಪತ್ತಾರೋ ಇಪ್ಪತ್ತೇಳೋ. ತಂದೆ ಓಬಳೇಶಪ್ಪ ಗುರುತು ಹೇಳಲು ಬರುವ ಹೊತ್ತಿಗೆ ಮಧ್ಯಾಹ್ನ ಎರಡು ದಾಟಿತ್ತು. ಬೇವಿನ ಎಲೆ ಅಲುಗುತ್ತಿರಲಿಲ್ಲ. ಪೊಲೀಸಿನವನು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹತ್ತು ಮಾರು ದೂರ ನಿಂತಿದ್ದ. ಜೊತೆಗೆ ಬಂದಿದ್ದ ನೆಂಟರು ಟವೆಲ್ ಮುಚ್ಚಿಕೊಂಡು ಕಾಂಪೌಂಡಿನ ಆಚೆಗೇ ಉಳಿದರು. ಸಾಕ್ಷಿ ಸಹಿ ಹಾಕಬೇಕಿದ್ದ ಅನುಸೂಯ ಬಾಗಿಲ ಬಳಿ ನಿಂತು, ಉಸಿರು ಬಿಗಿಹಿಡಿದಿದ್ದಳು. ಮುದುಕ ಮೆಟ್ಟಿಲ ಹತ್ತಿರ ಬಂದವನು, ಎಲ್ಲರೂ ಮೂಗು ಮುಚ್ಚಿಕೊಂಡದ್ದನ್ನು ನೋಡಿ, ಅಲ್ಲೇ ಕಾಲು ಕಿತ್ತಿಡಲಾರದೆ ನಿಂತುಬಿಟ್ಟ.

ಮಾರಪ್ಪ ಒಳಗಿನಿಂದ ಬಂದ. ತೊಟ್ಟಿಯ ಹತ್ತಿರ ಹೋಗಿ ಸೋಪು ಹಚ್ಚಿ ಮೈಕೈ ತೊಳೆದ, ಒರೆಸಿಕೊಂಡ, ಗೂಟದಲ್ಲಿದ್ದ ಒಗೆದ ಅಂಗಿ ತೊಟ್ಟ. ಅಂಗಿಯ ಜೇಬಿನಿಂದ ಬೆರಳುದ್ದದ ಬಾಟಲಿ ತೆಗೆದು ಕತ್ತಿಗೆರಡು ಹನಿ, ಮಣಿಕಟ್ಟಿಗೆರಡು ಹನಿ ಸವರಿಕೊಂಡ. ಯಾವುದರಲ್ಲೂ ಅವಸರವಿರಲಿಲ್ಲ. ಆಮೇಲೆ ಮುದುಕನ ಹತ್ತಿರ ಹೋಗಿ ಹೆಗಲ ಮೇಲೆ ಕೈ ಹಾಕಿದ.

"ಬರ್ರಿ ಯಜಮಾನ್ರೆ. ನಾನಿದೀನಿ. ಮಖ ಚೆನ್ನಾಗೈತೆ, ಏನೂ ಆಗಿಲ್ಲ. ತಲೆ ಬಾಚೀನಿ. ನೋಡಿ ಹೋಗಾಣ ಬರ್ರಿ."

ಇಬ್ಬರೂ ಒಳಗೆ ಹೋದರು. ಓಬಳೇಶಪ್ಪ ಮಗನ ಮುಖ ನೋಡಿದ, ಹೌದೆಂದು ತಲೆಯಾಡಿಸಿದ, ಮರುಕ್ಷಣ ಮಾರಪ್ಪನ ಕತ್ತಿಗೆ ಮುಖ ಹುದುಗಿಸಿ ಗೋಳೋ ಎಂದು ಅತ್ತ. ಹೊರಗೆ ನಿಂತ ಬಂಧುಗಳಲ್ಲೊಬ್ಬರೂ ಕೊಡದಿದ್ದ ಹೆಗಲನ್ನು ಮಾರಪ್ಪ ಕೊಟ್ಟು, ಮುದುಕ ತಾನಾಗಿ ಬಿಡುವ ತನಕ ಕದಲದೆ ನಿಂತಿದ್ದ. ಅವರ ಹಿಂದೆ ನಿಂತಿದ್ದ ಅನುಸೂಯ ಬಿಗಿಹಿಡಿದ ಉಸಿರು ಬಿಟ್ಟಳು. ಒಳಗೆಳೆದುಕೊಂಡಾಗ ಅವಳಿಗೆ ಸಿಕ್ಕಿದ್ದು ಒಗೆದ ಬಟ್ಟೆಯ ಆ ತಂಪು.

ಸಂಜೆ ಅವಳೇ ಬೇವಿನ ಕಟ್ಟೆಗೆ ಹೋದಳು. "ಅವತ್ತು ಹಂಗೆ ಕೇಳಬಾರದಿತ್ತು. ತಪ್ಪಾಯ್ತು ಮಾರಪ್ಪ."

"ಅಯ್ಯೋ ಬಿಡ್ರಿ ಸಿಸ್ಟರ್, ಕುಂತ್ಕಳ್ರಿ," ಎಂದು ಕಟ್ಟೆಯ ಧೂಳು ಕೊಡವಿದ. ಆಮೇಲೆ ತಾನೇ ಹೇಳತೊಡಗಿದ. "ನನ್ನ ಮಗಳು ಚೌಡೇಶ್ವರಿಗೆ ಆಗ ಐದು ವರ್ಷ. ಎತ್ಕಣಾಕೆ ಹೋದ್ರೆ ಹೆಣದ ವಾಸನೆ ಅಂತ ಅವರಮ್ಮನ ಹಿಂದೆ ಅಡಗ್ಕೊಳ್ಳೋಳು. ನಾನು ಕುಡಿಯೋದು ಬಿಟ್ಟೆ, ಎರಡೆರಡು ಸಲ ಮೈ ತೊಳ್ಕಂಡೆ. ಆದ್ರೂ ಹತ್ರ ಬರ್ಲಿಲ್ಲ. ಚಿತ್ರದುರ್ಗಕ್ಕೆ ಹೋಗಿ ಅತ್ತರು ತಂದೆ. ಆ ಗಮಲು ಬಿಸಿಲಿಗೆ ಬೆವರು ಕೂಡ್ಕಂಡು ಇನ್ನೂ ಕೆಟ್ಟದಾತು. ಹೆಣಕ್ಕೆ ಹಾರ ಹಾಕ್ದಂಗೆ. ಕೊನೆಗೆ ಬಸ್ ಸ್ಟ್ಯಾಂಡ್ ಎದುರಿನ ಫ್ಯಾನ್ಸಿ ಸ್ಟೋರಿನೋನು ಇದನ್ನ ಕೊಟ್ಟ. ಮಸ್ಕು ಅಂದ್ರೆ ಕಸ್ತೂರಿ ಅಂದ. ಮೂವತ್ತು ರೂಪಾಯಿಗೆ ಯಾವ ಮೃಗ ಕಸ್ತೂರಿ ಕೊಡ್ತೈತೆ ಅಂತ ನಕ್ಕೆ ನಾನು. ಆದ್ರೆ ನಮ್ಮ ಸೀಮೆ ಸೆಕೆಗೆ ಇದೇ ಸೈ ನೋಡ್ರಿ. ನೀರಿನಂಗೆ ಹಗುರ. ಕೂಸೂ ಹತ್ರ ಬಂತು."

"ಆದರೆ ವಾಸನೆ ಬೇಗ ಹೋಗಿಬಿಡುತ್ತಲ್ಲ?"

"ಹೋಗ್ಲಿ ಬಿಡ್ರಿ. ಮೂರು ನಾಕು ತಾಸು ಇದ್ರೆ ಸಾಕು. ಇವತ್ತು ಆ ಯಜಮಾನ್ರು ನನ್ನ ತಬ್ಕಂಡ್ರಲ್ಲ, ಈ ವಾಸನೆ ಅವರ ಅಂಗಿಗೆ ಹತ್ತಿ ಊರ ತನಕ ಹೋದ್ರೆ ಮಗನ ಹೆಣಾನೇ ನೆಪ್ಪಾಗ್ತೈತೆ. ಇದು ದಾರೀಲೇ ಆರಿಹೋಗ್ತೈತೆ. ಅದಕ್ಕೇ ಒಂಬತ್ತು ವರ್ಷದಿಂದ ಬದಲಾಯಿಸಿಲ್ಲ."

ಟ್ರೇನಿಂಗಿನಲ್ಲಿ ಮೂರು ವರ್ಷ ಓದಿದ ಅನುಸೂಯಳಿಗೆ, ಸತ್ತವರ ಕಡೆಯವರು ಮನೆಗೆ ಏನನ್ನು ಹೊತ್ತುಕೊಂಡು ಹೋಗುತ್ತಾರೆ ಎಂದು ಯೋಚಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮಾರನೆಯ ದಿನ ಚಂದ್ರಕ್ಕ ಮತ್ತೆ "ಶೋಕಿ" ಎಂದಾಗ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಆ ಹೆಸರು ಆಸ್ಪತ್ರೆಯಲ್ಲಿ ಮತ್ತೆ ಕೇಳಿಬರಲಿಲ್ಲ.

ಜೂನ್ ಮೊದಲ ವಾರ, ಹೊಸದುರ್ಗ ಕಡೆಯ ತಿಪ್ಪಮ್ಮ ಎಂಬಾಕೆಯ ಮಗಳು ಹಾವು ಕಚ್ಚಿ ತೀರಿಕೊಂಡಳು. ಶವಪರೀಕ್ಷೆ ಮುಗಿದ ಮೇಲೆ ತಿಪ್ಪಮ್ಮ ಬಾಗಿಲಿಗೆ ಅಡ್ಡ ಕೂತಳು. "ನನ್ನ ಕೂಸಿಗೆ ಗಂಡಸ್ರು ಸೀರೆ ಉಡಿಸೋದು ಬ್ಯಾಡ."

ಮಾರಪ್ಪ ಎರಡು ಹೆಜ್ಜೆ ಹಿಂದೆ ಸರಿದು, "ನ್ಯಾಯ ಐತೆ ತಾಯಿ," ಎಂದ. ಆದರೆ ತಿಪ್ಪಮ್ಮನಿಗೆ ತಾನೇ ಉಡಿಸುವ ತ್ರಾಣವಿರಲಿಲ್ಲ, ಒಳಗೆ ಹೋಗುವ ಬೇರೆ ಹೆಂಗಸೂ ಇರಲಿಲ್ಲ. ಶವಾಗಾರ ನರ್ಸಿನ ಕೆಲಸವಲ್ಲ. ಅನುಸೂಯ ವಾರ್ಡಿನ ಬಾಗಿಲಿನಿಂದ ಇದನ್ನೆಲ್ಲ ನೋಡಿ, ಚಂದ್ರಕ್ಕನ ಕೈಗೆ ಟ್ರೇ ಕೊಟ್ಟು ಅಂಗಳ ದಾಟಿ ಬಂದಳು.

"ನಾನು ಉಡಿಸ್ತೀನಿ. ಹೇಗೆ ಅಂತ ಹೊರಗಿಂದ ಹೇಳ್ತಾ ಇರ್ರಿ ಮಾರಪ್ಪ."

ಅವನು ಬಾಗಿಲಿಗೆ ಬೆನ್ನು ಮಾಡಿ ನಿಂತು ಒಂದೊಂದೇ ಹೇಳಿದ: ತಲೆಯನ್ನು ಹೇಗೆ ಎತ್ತುವುದು, ಹೊಲಿಗೆ ಕಾಣದ ಹಾಗೆ ಸೆರಗು ಎಲ್ಲಿ ಹೊದಿಸುವುದು, ಬಳೆಗೆ ನೋವಾಗದ ಹಾಗೆ ಕೈ ಹೇಗೆ ಮಡಿಸುವುದು. ಬಳೆಗೆ ನೋವಾಗದ ಹಾಗೆ ಎಂದೇ ಅವನು ಹೇಳಿದ್ದು. ಅನುಸೂಯ ಅವನು ಹೇಳಿದ ಹಾಗೆಯೇ ಮಾಡಿದಳು. ಹಸಿರು ಸೀರೆ ಉಡಿಸಿ ಹಣೆಗೆ ಕುಂಕುಮವಿಟ್ಟು ಹೊರಬಂದಾಗ ಬೆವರಿನಿಂದ ಅವಳ ರವಿಕೆ ತೊಯ್ದುಹೋಗಿತ್ತು. ತೊಟ್ಟಿಯಲ್ಲಿ ಕೈ ತೊಳೆದು ತಿಪ್ಪಮ್ಮನ ಪಕ್ಕ ನೆಲದ ಮೇಲೆಯೇ ಕೂತಳು.

"ಚೆಂದಾಗಿ ಉಡಿಸೀಯಾ ಅವ್ವಾ?" ತಿಪ್ಪಮ್ಮ ಕೇಳಿದಳು.

"ನೆರಿಗೆ ಹಿಡಿದು ಉಡಿಸಿದೀನಿ ಕಣವ್ವ. ಬಾ, ನೋಡು."

ತಿಪ್ಪಮ್ಮ ಅವಳ ಕೈ ಹಿಡಿದುಕೊಂಡೇ ಎದ್ದಳು. ಮಗಳನ್ನು ಒಯ್ಯಲು ಊರಿನ ಟ್ರ್ಯಾಕ್ಟರು ಬರುವ ತನಕ ಆ ಕೈ ಬಿಡಲಿಲ್ಲ.