ಕೊನೇ ಸ್ಟಾಪಿನವರೆಗೂ ಓದಿದ ತೀರ್ಪು

ಡ್ರೈವರಣ್ಣನ ಮನೆ ಎರಡನೇ ಮಹಡಿಯಲ್ಲಿ. ಮೂವತ್ತೊಂದು ವರ್ಷ ಬಸ್ ಓಡಿಸಿ ನಿವೃತ್ತರಾದ ಮೇಲೆ, ಡಿಪೋದ ಬಿಡುವಿನಲ್ಲಿ ನುಡಿಸುತ್ತಿದ್ದ ಕೊಳಲನ್ನು ಅವರು ನಾಲ್ಕು ಜನಕ್ಕೆ ಕಲಿಸತೊಡಗಿದ್ದರು. ನಾಲ್ಕು ಈಗ ಆರಾಗಿತ್ತು. ಎಲ್ಲರೂ ಐವತ್ತು ದಾಟಿದವರೇ. ಬೆಳಗ್ಗೆ ಹತ್ತಾದರೆ ಆರು ಕೊಳಲೂ ಆರು ದಿಕ್ಕಿಗೆ ಓಡುತ್ತಿದ್ದವು, ಅವನ್ನು ಒಂದೇ ದಾರಿಗೆ ತರುವುದರಲ್ಲಿ ಡ್ರೈವರಣ್ಣನಿಗೆ ಹತ್ತು ವರ್ಷ ಚಿಕ್ಕವರಾದಷ್ಟು ಖುಷಿ.

ಒಂದು ಮಧ್ಯಾಹ್ನ ಬಾಗಿಲ ಸಂದಿಯಿಂದ ಒಂದು ಕಾಗದ ಒಳಗೆ ಬಂತು. ಕಟ್ಟಡದ ನಿವಾಸಿಗಳ ಸಂಘದ ನೋಟಿಸು. "ವಾಸದ ಮನೆಯಲ್ಲಿ ಸಂಗೀತ ಪಾಠ ನಡೆಸುವಂತಿಲ್ಲ. ಹದಿನೈದು ದಿನದೊಳಗೆ ನಿಲ್ಲಿಸದಿದ್ದರೆ ನಿಮ್ಮನ್ನು ಖಾಲಿ ಮಾಡಿಸಲು ಮನೆ ಮಾಲೀಕರಿಗೆ ತಿಳಿಸಲಾಗುವುದು."

ಡ್ರೈವರಣ್ಣ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಕೊಳಲನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟರು.

"ಅಲ್ಲ ರೀ, ಯಾರನ್ನಾದರೂ ಕೇಳಿ ನೋಡಬಾರದಾ?" ಎಂದರು ಹೆಂಡತಿ.

"ಯಾರನ್ನ ಕೇಳ್ತೀಯ? ಕಾನೂನು ಅಂದರೆ ಕರಿಕೋಟಿನವರದ್ದು ಕಣೆ. ಅವರ ಮೆಟ್ಟಿಲು ಹತ್ತಿದರೆ ಪಿಂಚಣಿ ಎಲ್ಲಾ ಅಲ್ಲೇ ಇಳಿದುಹೋಗುತ್ತೆ. ನಂದು ಮುಗೀತು ಬಿಡು."

ಮರುದಿನ ಹತ್ತು ಗಂಟೆಗೆ ಮೊದಲು ಬಂದವರು ಕಂಡಕ್ಟರಮ್ಮ. ಹನ್ನೆರಡು ವರ್ಷ ಡ್ರೈವರಣ್ಣನ ಬಸ್ಸಿನಲ್ಲೇ ಟಿಕೆಟ್ ಕೊಟ್ಟವರು, ಈಗ ಅವರ ಶಿಷ್ಯೆ. ಪಾಠವಿಲ್ಲ ಎಂದು ಕೇಳಿದ್ದೇ ತಡ, ಹಳೇ ಗಂಟಲು ತೆರೆದರು.

"ಹೋಲ್ಡಾನ್! ನೋಟಿಸು ಕೊಡಿ ಇಲ್ಲಿ." ಓದಿ ಮಡಚಿದರು. "ಇಂಥ ಜಗಳ ಜಗತ್ತಿನಲ್ಲಿ ನಿಮಗೊಬ್ಬರಿಗೇ ಬಂದಿದೆಯಾ ಅಣ್ಣಾ? ಯಾರೋ ಕೋರ್ಟಿಗೆ ಹೋಗಿರ್ತಾರೆ, ಜಡ್ಜು ಏನೋ ಹೇಳಿರ್ತಾರೆ. ಅದನ್ನ ಹುಡುಕೋಣ."

"ನಾವು? ಹುಡುಕೋದಾ?"

"ತೀರ್ಪು ಗುಟ್ಟಿನ ಕಾಗದ ಅಲ್ಲ. ಕೋರ್ಟಿನವರೇ ತಮ್ಮ ವೆಬ್‌ಸೈಟಿನಲ್ಲಿ ಹಾಕ್ತಾರೆ, ಕೆಲವು ಕನ್ನಡದಲ್ಲೂ ಇರುತ್ತೆ, ಓದೋಕೆ ದುಡ್ಡು ಬೇಡ. ನನ್ನ ಬಡ್ತಿ ತಡೆದಾಗ ನಾನು ಹಾಗೇ ಹುಡುಕಿದ್ದು. ಅತ್ತಿಗೆ, ಇವರ ಕನ್ನಡಕ ಎಲ್ಲಿ?"

ಗ್ರಂಥಾಲಯದ ಮೂಲೆಯಲ್ಲಿ ಮೂರು ಕಂಪ್ಯೂಟರ್. ಒಂದರಲ್ಲಿ ಕಂಡಕ್ಟರಮ್ಮ ಕೋರ್ಟಿನ ವೆಬ್‌ಸೈಟು ತೆರೆದುಕೊಟ್ಟರು. ಡ್ರೈವರಣ್ಣ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು: "ಕೊಳಲು ಮೇಷ್ಟರಿಗೆ ತೊಂದರೆ ಕೊಡಬಹುದೇ". ಏನೂ ಬರಲಿಲ್ಲ.

"ಜಡ್ಜು ಹಾಗೆ ಬರೀತಾರಾ ಅಣ್ಣಾ? ಅವರು ಬರೆಯೋ ಮಾತೇ ಹಾಕಿ. ನೋಟಿಸಿನಲ್ಲೇ ಇದೆಯಲ್ಲ, ವಾಸದ ಮನೆ, ಸಂಗೀತ ಪಾಠ."

ಈ ಸಲ ಹನ್ನೊಂದು ತೀರ್ಪು ಸಾಲಾಗಿ ಬಂದವು. ಒಂದು ಪಿಟೀಲು ಕಲಿಸುವ ಹೆಂಗಸಿನದು. ಅವರಿಗೂ ಅವರ ಕಟ್ಟಡದ ಸಂಘದಿಂದ ಇಂಥದ್ದೇ ನೋಟಿಸು. ಡ್ರೈವರಣ್ಣ ಕುರ್ಚಿಯ ಅಂಚಿಗೆ ಬಂದು ಓದತೊಡಗಿದರು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಮುಖ ಹುಳ್ಳಗಾಯಿತು.

"ನಡೀರಿ ಮನೆಗೆ. ಇಲ್ಲೇ ಬರೆದಿದೆ ನೋಡಿ, 'ವಾಸದ ಮನೆಯಲ್ಲಿ ಪಾಠ ಮಾಡುವುದು ನಿಯಮಕ್ಕೆ ವಿರುದ್ಧ, ತಕ್ಷಣ ನಿಲ್ಲಿಸತಕ್ಕದ್ದು.' ಸೋತೆವು."

ಕಂಡಕ್ಟರಮ್ಮ ಆ ಸಾಲಿನ ಮೇಲೆ ಕಣ್ಣಾಡಿಸಿದವರೇ ನಗಲು ಶುರುಮಾಡಿದರು. ಪೇಪರು ಓದುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಮೂವತ್ತೊಂದು ವರ್ಷ ಬಸ್ ಓಡಿಸಿ ನಡುದಾರಿಯಲ್ಲಿ ಇಳಿದುಬಿಟ್ರಲ್ಲ! ಇದರ ಮೇಲಿನ ಸಾಲು ಓದಿ."

"ಸಂಘದ ಪರ ವಕೀಲರು ವಾದಿಸಿದ್ದೇನೆಂದರೆ..." ಡ್ರೈವರಣ್ಣ ನಿಲ್ಲಿಸಿದರು.

"ಅದು ವಕೀಲರ ಮಾತು. ಜಡ್ಜು ಮೊದಲು ಇಬ್ಬರೂ ಹೇಳಿದ್ದನ್ನ ಬರೆದುಕೊಳ್ತಾರೆ. ತಮ್ಮ ಮಾತು ಹೇಳೋದು ಆಮೇಲೆ. ಅದಕ್ಕೇ ಮೊದಲು ಕೊನೇ ಸ್ಟಾಪಿಗೆ ಹೋಗಿ ನೋಡಿ, ಆಮೇಲೆ ಶುರುವಿನಿಂದ ಓದಿಕೊಂಡು ಬನ್ನಿ."

ಹದಿನಾಲ್ಕನೇ ಪುಟ. ಗೊತ್ತುಪಡಿಸಿದ ಹೊತ್ತಿನಲ್ಲಿ, ಕಿಟಕಿ ಮುಚ್ಚಿ, ಕೆಲವೇ ಜನರಿಗೆ ಪಾಠ ಹೇಳಿದರೆ ಸಂಘ ತಡೆಯುವಂತಿಲ್ಲ, ನೋಟಿಸು ರದ್ದು. ಡ್ರೈವರಣ್ಣ ಎರಡು ಸಲ ಓದಿದರು. ಮೂರನೇ ಸಲ ಕನ್ನಡಕ ಒರೆಸಿಕೊಂಡು ಓದಿದರು. ಅವರಿಗೆ ಅಲ್ಲೇ ಒಂದು ರಾಗ ಶುರು ಮಾಡಿಬಿಡುವಷ್ಟು ಸಂತೋಷವಾಗಿತ್ತು.

"ಪ್ರಿಂಟ್ ತೆಗೀಲಾ?"

"ತಡೀರಿ. ಇದನ್ನ ಮೇಲಿನ ಕೋರ್ಟು ಬದಲಾಯಿಸಿದ್ರೆ?" ಕಂಡಕ್ಟರಮ್ಮ ಮೇಲಿನ ಕೋರ್ಟಿನ ವೆಬ್‌ಸೈಟಿಗೆ ಹೋಗಿ, ಎರಡೂ ಕಡೆಯವರ ಹೆಸರು ಹಾಕಿ ಹುಡುಕಿದರು. ಸಂಘ ಮೇಲ್ಮನವಿ ಹಾಕಿತ್ತು, ಅದು ವಜಾ ಆಗಿತ್ತು. "ಈಗ ತೆಗೀರಿ. ಪ್ರಕರಣದ ಸಂಖ್ಯೆ, ತಾರೀಖು, ಯಾವ ಕೋರ್ಟು ಅನ್ನೋದನ್ನ ಮೇಲೆ ಬರೆದುಕೊಳ್ಳಿ."

ಎರಡೂ ತೀರ್ಪಿನ ಪ್ರಿಂಟಿಗೆ ಆದ ಖರ್ಚು ಇಬ್ಬರು ಟೀ ಕುಡಿದಷ್ಟು. ಅದನ್ನು ಹಿಡಿದು ಅಲ್ಲಿಂದಲೇ ಉಚಿತ ಕಾನೂನು ನೆರವು ಕೇಂದ್ರಕ್ಕೆ ಹೋದರು. ಅಲ್ಲಿನ ವಕೀಲೆ ಹಾಳೆ ತಿರುವಿ ಹುಬ್ಬೇರಿಸಿದರು.

"ಅರ್ಧ ಕೆಲಸ ನೀವೇ ಮಾಡಿಕೊಂಡು ಬಂದಿದ್ದೀರಲ್ಲ! ಈ ತೀರ್ಪು ನಿಮ್ಮೂರಿಗೂ ಅನ್ವಯಿಸುತ್ತೆ. ಆದರೆ ಅವರ ಕಥೆ ನಿಮ್ಮ ಕಥೆಗೆ ಹೊಂದಬೇಕು. ನಿಮ್ಮ ಬಾಡಿಗೆ ಕರಾರಿನಲ್ಲಿ ಪಾಠ ಬೇಡ ಅಂತ ಇದೆಯಾ?" ಇರಲಿಲ್ಲ. ವಕೀಲೆ ಒಂದು ಪುಟದ ಉತ್ತರ ಬರೆಯಲು ನೆರವಾದರು. ಹದಿನೈದು ದಿನ ಮುಗಿಯುವ ಮೊದಲೇ ಅದು ಸಂಘಕ್ಕೆ ತಲುಪಿತು.

ಭಾನುವಾರ ಸಂಘದ ಸಭೆ. ಕಾರ್ಯದರ್ಶಿ ಉತ್ತರ ಓದಿ ಗಡ್ಡ ಕೆರೆದುಕೊಂಡರು. "ಓಹೋ, ದೊಡ್ಡ ವಕೀಲರನ್ನೇ ಇಟ್ಟ ಹಾಗಿದೆ."

"ಇಲ್ಲ ಸಾರ್," ಎಂದರು ಡ್ರೈವರಣ್ಣ. "ಕಂಡಕ್ಟರನ್ನ ಇಟ್ಟಿದ್ದೀನಿ."

ಸಭೆಗೆ ಸಭೆಯೇ ನಕ್ಕಿತು. ಡ್ರೈವರಣ್ಣ ತೀರ್ಪಿನ ಕೊನೇ ಪುಟ ಗಟ್ಟಿಯಾಗಿ ಓದಿದರು, ತಮ್ಮನ್ನು ಕಟ್ಟಿಹಾಕುವ ಸಾಲನ್ನೂ ಬಿಡಲಿಲ್ಲ. "ಹತ್ತರಿಂದ ಹನ್ನೊಂದೂವರೆ, ಕಿಟಕಿ ಮುಚ್ಚಿರ್ತೀನಿ. ಇದು ನಾನು ಕೊಡೋ ಮಾತು." ನೋಟಿಸು ವಾಪಸಾಯಿತು.

ಮನೆಗೆ ಬಂದರೆ ಬೀರುವಿನ ಮೇಲೆ ಕೊಳಲಿಲ್ಲ. ಹೆಂಡತಿ ಅದನ್ನು ಒರೆಸಿ ಕೈಯಲ್ಲಿ ಹಿಡಿದು ನಿಂತಿದ್ದರು. "ನುಡಿಸಿ ರೀ. ಈ ಹತ್ತು ದಿನ ಮನೆ ಭಣಗುಟ್ಟಿತು," ಎಂದವರ ಕಣ್ಣು ತುಂಬಿತ್ತು.

ವಾರದ ಮೇಲೆ ಬಾಗಿಲು ತಟ್ಟಿದವರು ಅದೇ ಕಾರ್ಯದರ್ಶಿ. "ನಮ್ಮ ಮಗಳಿಗೆ ಕಾರ್ಖಾನೆಯವರು ಹೆರಿಗೆ ರಜೆ ಕೊಡ್ತಿಲ್ಲ. ಅದು... ಆ ತೀರ್ಪು ಹುಡುಕೋದು ಹೇಗೆ ಅಂತ..."

ಡ್ರೈವರಣ್ಣ ಆಗಲೇ ಚಪ್ಪಲಿ ಮೆಟ್ಟಿದ್ದರು. "ಬನ್ನಿ ಸಾರ್, ಗ್ರಂಥಾಲಯ ಐದರವರೆಗೂ ತೆರೆದಿರುತ್ತೆ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬಾಗಿಲಿಗೂ ಒಂದು ದಿನ ಇಂಥ ಕಾಗದ ಬಂದೀತು. ಹೆದರಿ ಕೂರಬೇಡಿ, ಗಡುವನ್ನೂ ಮೀರಬೇಡಿ. ತೀರ್ಪುಗಳು ನಿಮ್ಮವು, ಓದಲು ಯಾರ ಅಪ್ಪಣೆಯೂ ಬೇಕಿಲ್ಲ. ಹತ್ತಿರದ ಗ್ರಂಥಾಲಯಕ್ಕೆ ಹೋಗಿ ಹುಡುಕಿ, ಮೇಲಿನ ಕೋರ್ಟು ಏನು ಹೇಳಿತೆಂದು ನೋಡಿ, ಉಚಿತ ಕಾನೂನು ನೆರವಿನವರಿಗೆ ತೋರಿಸಿ ಒಂದು ಮಾತು ಕೇಳಿ. ನಡುದಾರಿಯಲ್ಲಿ ಮಾತ್ರ ಇಳಿಯಬೇಡಿ. ಹಾಂ, ಹೊರಡಿ ಮತ್ತೆ. ರೈಟ್, ರೈಟ್!