ಕೂಪನ್ನಿನ ಬೆನ್ನಿಗಿದ್ದ ಕಮಲಿನಿ

ನಾನು ‘ಮನೆಬೆಳಗು’ ವಾರಪತ್ರಿಕೆಯ ಒಂದು ಪ್ರತಿ. ಹುಟ್ಟಿದ್ದು ಹುಬ್ಬಳ್ಳಿಯ ಪ್ರೆಸ್ಸಿನಲ್ಲಿ. ಆ ವಾರ ನನ್ನ ಒಡಹುಟ್ಟಿದವರನ್ನೆಲ್ಲ ಸಾಲಾಗಿ ಹಾಸಿದ್ದರೆ, ಕಾಲಿಗೆ ಮಣ್ಣು ತಾಗದಂತೆ ಗದಗಿನವರೆಗೆ ನಡೆದು ಹೋಗಬಹುದಿತ್ತು. ಮೈಮೇಲಿನ ಶಾಯಿ ಇನ್ನೂ ಆರಿರಲಿಲ್ಲ, ಜಾಹೀರಾತು ನೋಡಿಕೊಳ್ಳುವ ಫಕೀರೇಶ ನನ್ನನ್ನು ಎತ್ತಿ ಸಂಪಾದಕರ ಮುಂದೆ ಹಿಡಿದ.

“ಸಾಹೇಬ್ರ, ಧಾರಾವಾಹಿ ಕಡೀ ಕಂತಿನ ಬೆನ್ನಿಗೇ ಹೊಲಿಗಿ ಮಷೀನ್ ಸ್ಪರ್ಧಾದ ಕೂಪನ್ ಬಂದೈತ್ರಿ. ಅದನ್ನ ಕತ್ತರಿಸಿದ್ರ ಕಥೀ ತುದೀನ ಹೋಗ್ತೈತಿ!”

“ಹೋಗ್ಲಿ ಬಿಡೋ. ಎರಡೂ ಬೇಕನ್ನಾವ್ರು ಎರಡು ಪ್ರತಿ ತಗೋತಾರ. ಪ್ರತಿ ಹೆಚ್ಚು ಖರ್ಚಾದ್ರ ಮಷೀನ್ ಕಂಪನಿಯಾವ್ರು ಮತ್ತ ಜಾಹೀರಾತು ಕೊಡ್ತಾರ,” ಎಂದು ಸಂಪಾದಕರು ನಕ್ಕರು.



ಗದಗಿನ ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ ಕ್ಲಿಪ್ಪಿಗೆ ನೇತಾಡುತ್ತ ಉಳಿದ ಕೊನೆಯ ಪ್ರತಿ ನಾನೇ. ಕಂಡಕ್ಟರ್ ಈರಪ್ಪ ನನ್ನನ್ನು ಮಡಚಿ ಮನೆಗೆ ಒಯ್ದ. ಅವನ ಅವ್ವ ಚನ್ನಬಸವ್ವ ವಾರವಾರವೂ ಧಾರಾವಾಹಿಯ ಹಾಳೆ ಬಿಡಿಸಿ, ದಬ್ಬಣದಿಂದ ಹೊಲಿದು ಪುಸ್ತಕ ಮಾಡುತ್ತಿದ್ದಳು. ಮನೆ ಬಿಟ್ಟು ಸ್ಟೇಷನ್ನಿಗೆ ಬಂದ ಕಮಲಿನಿ ರೈಲು ಹತ್ತುತ್ತಾಳೋ, ಅತ್ತೆಮನೆಗೆ ತಿರುಗುತ್ತಾಳೋ ಎಂದು ಇಡೀ ಓಣಿ ಆ ಪುಸ್ತಕಕ್ಕೆ ಕಾದಿತ್ತು. ಸೊಸೆ ನೀಲಾ ಕಾದದ್ದು ಮಾತ್ರ ಕೂಪನ್ನಿಗೆ. ಸೂಜಿ ಹಿಡಿದು ಕುಬಸ ಹೊಲಿದು ಹೊಲಿದು ಅವಳ ಬೆರಳು ಜರಡಿಯಾಗಿದ್ದವು. ಕೂಪನ್ ಅಂಚೆಗೆ ಹಾಕಲು ಅಂದೇ ಕಡೆಯ ದಿನ.

ನೀಲಾ ಕತ್ತರಿ ತಂದಳು. ಚನ್ನಬಸವ್ವ ನನ್ನ ಮೇಲೆ ಕುಳಿತೇಬಿಟ್ಟಳು.

“ಅತ್ತಿ, ಏಳ್ರಿ. ಟಪಾಲು ಡಬ್ಬಿ ತೆಗಿಯೋ ಹೊತ್ತಾತು.”

“ಕಮಲಿನಿ ಕುತ್ತಿಗೀಗೆ ಕತ್ತರಿ ಹಾಕ್ತೀಯೇನ? ಏಳಂಗಿಲ್ಲ.”

“ಕಮಲಿನಿ ಬಂದು ನಿಮ್ಮ ಕುಬಸ ಹೊಲೀತಾಳೇನ್ರಿ?”

ಇನ್ನೊಂದು ಪ್ರತಿಗೆಂದು ಓಡಿದ್ದ ಈರಪ್ಪ ಬರಿಗೈಯಲ್ಲಿ ಬಂದ. “ಎಲ್ಲಾ ಕಡೆ ಖಾಲಿ ಅವ್ವಾ. ಮಂದಿ ಎರಡೆರಡು ಒಯ್ದಾರಂತ.”

ನೀಲಾಳ ಕಣ್ಣು ತುಂಬಿತು. ಅತ್ತೆ ನನ್ನನ್ನು ಮೆಲ್ಲಗೆ ಈಚೆಗೆಳೆದಳು. “ಮೊದಲ ಓದ್ತೀನಿ, ತಡಿ.”

ಅವಳ ಬೆರಳು ನನ್ನ ಮೇಲೆ ಅಕ್ಷರ ಅಕ್ಷರವಾಗಿ ನಡೆಯಿತು. ರೈಲು ಸಿಳ್ಳೆ ಹಾಕಿತು. ಕಮಲಿನಿ ಮೆಟ್ಟಿಲಿಗೆ ಒಂದು ಕಾಲು ಇಟ್ಟಳು. ಪಕ್ಕದಲ್ಲಿ ಕತ್ತರಿ ಬಾಯಿ ತೆರೆದೇ ಇತ್ತು. ಬೆರಳು ತಟ್ಟನೆ ನಿಂತಿತು. ಅಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ‘ಕಮಲಿನಿ ಏನು ಮಾಡಿದಳು? ಎರಡನೆಯ ಭಾಗ ಶೀಘ್ರದಲ್ಲೇ. ಇಂದೇ ಚಂದಾದಾರರಾಗಿ!’

“ವರ್ಷಗಟ್ಲೆ ಓದ್ಸಿ, ಇನ್ನೂ ಒಂಟಿ ಕಾಲಿನ ಮ್ಯಾಲ ನಿಂದರ್ಸ್ಯಾನಲ್ಲ, ಕಥೀ ಬರಿಯೋ ಖೋಡಿ! ತಾ ಆ ಕತ್ತರಿ.”

ಚನ್ನಬಸವ್ವ ತಾನೇ ಕತ್ತರಿಸಿದಳು.

“ಮಷೀನ್ ಬಂದ್ರ ಮೊದಲನೇ ಕುಬಸ ನಂದು, ನೋಡವಾ.”

ಮಷೀನು ಬರಲಿಲ್ಲ. ‘ಅರ್ಧ ಬೆಲೆಗೆ ಚಂದಾದಾರರಾಗಿ’ ಎಂಬ ಕಾರ್ಡು ಬಂತು. ನೀಲಾ ಅದನ್ನು ಒಲೆಗೆ ಹಾಕಿ ಚಹಾ ಕಾಸಿದಳು.

ನನ್ನ ಉಳಿದ ಪುಟಗಳು ಮಂಡಕ್ಕಿ ಪೊಟ್ಟಣವಾಗಿ ಊರು ಸುತ್ತಿದವು. ಈಗ ನಾನು ಹಳದಿಗಟ್ಟಿದ ಒಂದೇ ಹಾಳೆ, ಚನ್ನಬಸವ್ವನ ಪುಸ್ತಕದ ಕೊನೆಗೆ, ಮೈಯಲ್ಲೊಂದು ಕಿಂಡಿ ಇಟ್ಟುಕೊಂಡು ಟ್ರಂಕಿನಲ್ಲಿದ್ದೇನೆ. ಪುಸ್ತಕ ಒಯ್ದವರು ಕಿಂಡಿ ಕಂಡು ಓಡಿ ಬರುತ್ತಾರೆ: “ಯಕ್ಕಾ, ಕಮಲಿನಿ ರೈಲು ಹತ್ತಿದ್ಲೋ ಇಲ್ಲೋ?”

ಕೇಳಿದವಳು ಸೊಸೆಯಾದರೆ ಚನ್ನಬಸವ್ವ ಹೇಳುತ್ತಾಳೆ: “ಹತ್ತಿದ್ಲು. ಹೊಲಿಗಿ ಕಲ್ತು, ಗಂಡನ್ನೂ ಕರಿಸ್ಕೊಂಡ್ಲು.” ಅತ್ತೆಯಾದರೆ: “ಅತ್ತೀನ ಬಂದು ಕೈ ಹಿಡದು ಇಳಿಸ್ಕೊಂಡು ಹೋದ್ಲು.” ಪಕ್ಕದಲ್ಲಿ ಸೂಜಿ ಆಡಿಸುತ್ತಿರುವ ನೀಲಾ ತಲೆ ಎತ್ತದೆ ನಗುತ್ತಾಳೆ.

ಎರಡನೆಯ ಭಾಗ ಬಂದಿತಂತೆ. ಈ ಓಣಿಯಲ್ಲಿ ಯಾರೂ ಕೊಳ್ಳಲಿಲ್ಲ.