ಫೋನಿಗೆ ತುಂಬಿದ ಉಡಿ

ಹುಲಿಗೆವ್ವ ಮಗನ ಫೋನನ್ನು ಮಣೆಯ ಮೇಲೆ ಕೂರಿಸಿ, ಜಾರದಿರಲೆಂದು ಹಿಂದೆ ತಂಬಿಗೆಯ ಆಸರೆ ಕೊಟ್ಟಳು. ಮುಂದೆ ಮೊರದಲ್ಲಿ ಅಕ್ಕಿ, ಉತ್ತತ್ತಿ, ಅರಿಷಿಣದ ಬೇರು, ಕೊಬ್ಬರಿ ಬಟ್ಟಲು, ಹಸಿರು ಖಣ. ಪಕ್ಕದ ಮನೆಯ ಬಾನುಬಿ ಬಾಗಿಲಿಗೆ ಒರಗಿ ನಗುತ್ತಿದ್ದಳು.

"ಫೋನಿಗೆ ಉಡಿ ತುಂಬೂದು ನಮ್ಮ ಸಾರವಾಡದಾಗ ಇದ ಮೊದಲ ನೋಡವಾ."

"ಫೋನಿಗಲ್ಲ ಬೇ, ಅದರಾಗ ಬರಾಕಿಗೆ. ಆಕಿ ಇಲ್ಲಿಗೆ ಬರಂಗಿಲ್ಲ, ನಾ ಅಲ್ಲಿಗೆ ಹೋಗಂಗಿಲ್ಲ. ಹಂಗಂತ ಬರೇ ಬಾಯಿಮಾತಿನ್ಯಾಗ ಮುಗಸಲೇನು?"

ಮಗ ಪ್ರತಾಪ ಇದನ್ನು ತಪ್ಪಿಸಲು ಬೆಳಗಿನಿಂದ ಇಲ್ಲದ ನೆಪಗಳನ್ನೆಲ್ಲ ಹೇಳಿ ಸೋತಿದ್ದ. ಮುದುಕರ ಆರೈಕೆಯ ಕೆಲಸಕ್ಕೆಂದು ಹೋಗಿದ್ದ ದೇಶದಲ್ಲಿ ಯುದ್ಧ ಶುರುವಾದಾಗ, ಬಂದೂಕಿನವರು ಅಲ್ಲಿಯ ಜನರ ಜೊತೆ ಅವನನ್ನೂ ಒತ್ತೆಯಾಳಾಗಿ ಎಳೆದೊಯ್ದಿದ್ದರು. ಕಾದಾಡುತ್ತಿದ್ದ ಎರಡೂ ಕಡೆಯ ತಾಯಂದಿರು ಒಂದಾಗಿ, ತಮ್ಮವರಿಂದಲೇ ಬೈಸಿಕೊಂಡು, ಫೋಟೊ ಹಿಡಿದು ಬೀದಿಯಲ್ಲಿ ಕೂತರು. ಅತ್ತಿಂದಿತ್ತ ಮಾತು ಮುಟ್ಟಿಸಿದವರೂ ಅವರೇ. ಅಲ್ಲಿ ಹೇಳೋರು ಕೇಳೋರು ಇಲ್ಲದ ಪ್ರತಾಪನ ಫೋಟೊವನ್ನು ಚಳಿಗಾಲವಿಡೀ ಹಿಡಿದವಳು ಆ ತಾಯಂದಿರಲ್ಲೊಬ್ಬಳಾದ ಲೀನಾ. ಹೋದ ವಾರ ಅವನು ಬಿಡುಗಡೆಯಾಗಿ ಮನೆ ಸೇರಿದಾಗ ಹುಲಿಗೆವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು.

ಲೀನಾಳ ಇನ್ನೊಂದು ಕೈಯಲ್ಲಿ ಅವಳ ಮಗನದೇ ಫೋಟೊ ಇತ್ತೆಂದು ಪ್ರತಾಪ ಅವ್ವನಿಗೆ ಹೇಳಿರಲಿಲ್ಲ. ಆ ಹುಡುಗ ಇನ್ನೂ ಸೆರೆಯಲ್ಲೇ ಇದ್ದ. ಕತ್ತಲೆಯ ಕೋಣೆಯಲ್ಲಿ ಪ್ರತಾಪನೊಡನೆ ಒಂದೇ ರೊಟ್ಟಿ ಮುರಿದು ತಿಂದವನು. ಅವ್ವನ ಮುಖದ ಗೆಲುವು ಆರಿಸಲು ಪ್ರತಾಪನಿಗೆ ಧೈರ್ಯವಾಗಿರಲಿಲ್ಲ. ಈಗ ಅವ್ವ ಉಡಿ ತುಂಬಿ, ಮಡಿಲು ತುಂಬಿರಲಿ ಎಂದು ಹರಸಿದರೆ ಆ ತಾಯಿಯ ಕರುಳು ಏನಾದೀತೋ ಎಂದು ಅವನಿಗೆ ಅಳುಕಾಗಿತ್ತು.

ಫೋನಿನಲ್ಲಿ ಲೀನಾ ಕಾಣಿಸಿಕೊಂಡಳು. ನರೆತ ಕೂದಲು, ಹೆಗಲ ಮೇಲೆ ಉಣ್ಣೆಯ ಶಾಲು. ಹುಲಿಗೆವ್ವ ಫೋನಿಗೆ ಅರಿಷಿಣ ಕುಂಕುಮ ಹಚ್ಚಿದಳು. ಲೀನಾಳ ಅರ್ಧ ಹಣೆ ಮಸುಕಾಯಿತು.

"ಮಕ್ಕಳೆಷ್ಟವಾ ನಿನಗ?"

ಪ್ರತಾಪ ಅದನ್ನು ಲೀನಾಳ ಭಾಷೆಗೆ ತಿರುಗಿಸದೆ ಮುಖ ಪಕ್ಕಕ್ಕೆ ಹೊರಳಿಸಿದ. ಲೀನಾ ಕಾದಳು. ಕೇಳಿದ್ದು ಏನೆಂದು ಯಾರೂ ಹೇಳದಿದ್ದರೂ, ಅವನ ಮುಖ ನೋಡಿ ಅವಳೇ ಒಂದು ಫೋಟೊ ಎತ್ತಿ ತೋರಿಸಿದಳು.

"ಇಂವ ಮಗಾ ಏನು? ಲಕ್ಷಣ ಅದಾನ. ಕರೀಯಂತ ಹೇಳೋ, ಅವನ್ನೂ ನೋಡೂನು."

"ಅಂವ ಇನ್ನೂ ಬಂದಿಲ್ಲ ಬೇ. ನನ್ನ ಬಿಟ್ರು, ಅವನ್ನ ಬಿಡಲಿಲ್ಲ."

ಹುಲಿಗೆವ್ವನ ಹಿಡಿಯಲ್ಲಿದ್ದ ಅಕ್ಕಿ ಹಿಡಿಯಲ್ಲೇ ಉಳಿಯಿತು. "ಆಕಿ ಮಗಾ ಅಲ್ಲಿ ಸಿಕ್ಕೊಂಡಿರುವಾಗ ನಾ ಇಲ್ಲಿ ಊರತುಂಬ ಸಕ್ಕರಿ ಹಂಚಿದ್ನಲ್ಲೋ," ಎಂದಳು ಸಣ್ಣ ದನಿಯಲ್ಲಿ. ಪ್ರತಾಪ ತಲೆ ತಗ್ಗಿಸಿದ. ತಾನು ಬದುಕಿ ಬಂದದ್ದಕ್ಕೇ ಅವನಿಗೆ ನಾಚಿಕೆಯಾಯಿತು.

"ಮೊರಾ ತೆಗೀವಾ," ಎಂದಳು ಬಾನುಬಿ ಮೆಲ್ಲಗೆ. "ಆಕಿಗೆ ಮತ್ತಷ್ಟು ಸಂಕಟ ಆದೀತು."

"ಎತ್ತಿದ ಉಡಿ ತಿರುಗಿ ಇಡಬಾರದು." ಹುಲಿಗೆವ್ವ ಕಣ್ಣೊರೆಸಿಕೊಂಡಳು. "ಪ್ರತಾಪ, ಕೇಳು ಆಕೀನ್ನ. ನನ್ನ ಮಗಾ ಬಂದಾನಂತ ಅಲ್ಲ, ನಿನ್ನ ಮಗಾ ಬರಲಿ ಅಂತ ತುಂಬತೀನಿ, ಹಿಡೀತಿಯೇನವಾ ಅಂತ. ಒಲ್ಲೆ ಅಂದ್ರ ಬಿಡ್ತೀನಿ."

ಪ್ರತಾಪ ತನಗೆ ಬಂದಷ್ಟು ಹರಕು ಮುರುಕು ಮಾತಿನಲ್ಲಿ ಹೇಳಿದ. ಉಡಿಯೊಡ್ಡುವುದು ಹೇಗೆಂದು ಅಂಗಿಯ ಅಂಚು ಎತ್ತಿ ಹಿಡಿದು ತೋರಿಸಿದ. ಬಾನುಬಿ ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು. ಲೀನಾ ಮಗನ ಫೋಟೊವನ್ನು ಪಕ್ಕಕ್ಕೆ ಒರಗಿಸಿಟ್ಟಳು. ಆಮೇಲೆ ಹೆಗಲಿನ ಶಾಲು ತೆಗೆದು ತೊಡೆಯ ಮೇಲೆ ಹಾಸಿ, ಎರಡೂ ಕೈಯಲ್ಲಿ ಅಂಚು ಎತ್ತಿ ಹಿಡಿದಳು.

ಹುಲಿಗೆವ್ವ ಹಿಡಿ ಹಿಡಿ ಅಕ್ಕಿಯನ್ನು ಫೋನಿನ ಮುಂದೆ ಸುರಿದಳು. ಖಣ ಇಟ್ಟಳು, ಕೊಬ್ಬರಿ ಇಟ್ಟಳು. ಅಕ್ಕಿ ಮಣೆ ತುಂಬಿ ನೆಲಕ್ಕೂ ಹರಿಯಿತು.

"ಮುಗೀತವಾ, ಏಳು," ಎಂದು ಕೈಸನ್ನೆ ಮಾಡಿದಳು.

ಲೀನಾ ಶಾಲಿನ ಮೂಲೆಗಳನ್ನು ಒಟ್ಟುಮಾಡಿ ಎದೆಗೊತ್ತಿಕೊಂಡು, ಗಂಟಿನ ಕೆಳಗೆ ಕೈಯಾನಿಸಿ ನಿಧಾನವಾಗಿ ಎದ್ದಳು, ಒಂದು ಕಾಳೂ ಚೆಲ್ಲದಂತೆ.